ಮಸೀರಾದ ಐಸ್ ಗುರುವ

ಒಮಾನಿನ ಸೂರ್ ಪಟ್ಟಣದ ಕಡಲ ದಂಡೆಯಲ್ಲಿ, ಮರದ ಹಡಗು ಕಟ್ಟುವವರ ಅಂಗಳದ ಹೊರಗೆ, ಸುಂದರಿ ಬೆನ್ನಿನ ಚೀಲ ಇಳಿಸಿ ಅದರ ಮೇಲೆಯೇ ಕುಳಿತಳು. ಒಂದು ವಾರದ ಬಿಸಿಲಿಗೆ ಅವಳ ಮುಖ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಚಪ್ಪಲಿಯ ಬಾರು ಕಿತ್ತುಹೋಗಿ, ಹಳೆಯ ದುಪಟ್ಟಾದ ಚೂರಿನಿಂದ ಕಟ್ಟಿಕೊಂಡಿದ್ದಳು. ಆದರೂ ಆ ಹೊತ್ತಿಗೆ ಅವಳಷ್ಟು ಖುಷಿಯಾಗಿದ್ದ ಹೆಂಗಸು ಇಡೀ ಸೂರಿನಲ್ಲಿ ಇನ್ನೊಬ್ಬಳು ಇದ್ದಿರಲಾರಳು. ಮಡಿಕೆ ಮಡಿಕೆಯಲ್ಲೂ ಹರಿದಿದ್ದ ನಕ್ಷೆಯನ್ನು ತೊಡೆಯ ಮೇಲೆ ಬಿಡಿಸಿ, ಗಾಳಿಗೆ ಹಾರದಂತೆ ಅಂಗೈಯಿಂದ ಒತ್ತಿ ಹಿಡಿದು, ಅವಳು ಗಂಡನಿಗೆ ಹೇಳಿದಳು:

"ಇನ್ನು ಒಂದೇ ಜಾಗ ಬಾಕಿ. ನಾಳೆ ಮಸೀರಾ ದ್ವೀಪಕ್ಕೆ ಹೊರಡುವ."

ಗುರುವ ಕಾಗದದ ಲೋಟದ ಚಹಾ ಕುಡಿಯುತ್ತಿದ್ದವನು ಲೋಟವನ್ನು ಬಾಯಿಂದ ತೆಗೆದ. "ಮಸೀರಾ ಬೇಡ" ಎಂದ.

ಸುಂದರಿಗೆ ಆಶ್ಚರ್ಯವಾಯಿತು. ಗುರುವ ಯಾವುದನ್ನೂ ಬೇಡ ಎನ್ನುವ ಪೈಕಿಯೇ ಅಲ್ಲ. ನಿಜ್ವಾದ ಸಂತೆಯಲ್ಲಿ ಆಡುಗಳ ನಡುವೆ ನಿಲ್ಲಿಸಿದಾಗ ನಿಂತಿದ್ದ, ಬಹ್ಲಾದ ಕುಂಬಾರರ ಗೂಡಿಗೆ ಎಳೆದುಕೊಂಡು ಹೋದಾಗ ಬಂದಿದ್ದ, ಮಲಯಾಳಿಯ ಚಹಾ ಹೋಟೆಲಿನ ಹಿಂದಿನ ಕೋಣೆಯಲ್ಲಿ ಈರುಳ್ಳಿ ಮೂಟೆಗಳ ಪಕ್ಕ ಚಾಪೆ ಹಾಸಿದಾಗಲೂ ಮಲಗಿ ಗೊರಕೆ ಹೊಡೆದಿದ್ದ. ಈಗ ಮಾತ್ರ ಒಂದರ ಹಿಂದೊಂದು ಕಾರಣ ಹೇಳತೊಡಗಿದ. ಅಲ್ಲಿ ನೋಡಲಿಕ್ಕೆ ಏನೂ ಇಲ್ಲ, ಬರೀ ಕಲ್ಲು. ಮೇ ತಿಂಗಳು, ಗಾಳಿ ಏಳುವ ಕಾಲ. ದೋಣಿ ಸಿಕ್ಕದಿದ್ದರೆ ವಿಮಾನ ತಪ್ಪುತ್ತದೆ. ವಿಮಾನ ತಪ್ಪಿದರೆ ವೀಸಾ ಮುಗಿಯುತ್ತದೆ. ವೀಸಾ ಮುಗಿದರೆ, ಅದನ್ನು ಕೊಡಿಸಿದ ಕಫೀಲನಿಗೆ ಉತ್ತರ ಹೇಳುವುದು ಯಾರು?

ಸುಂದರಿ ಎಲ್ಲವನ್ನೂ ಕೇಳಿಸಿಕೊಂಡಳು. ಕಡಲೆಂದರೆ ಗಂಡನಿಗೆ ಭಯ ಎಂಬುದು ಅವಳಿಗೆ ಗೊತ್ತಿದ್ದದ್ದೇ. ಸೀಬ್ ಬೀಚಿನಲ್ಲಿ ಮಗಳು ಪ್ರಫುಲ್ಲ ನೀರಿಗೆ ಇಳಿದಾಗಲೆಲ್ಲ ಇವನು ಒಣ ಮರಳಿನಲ್ಲಿ ಚಪ್ಪಲಿ ಕಾಯುತ್ತ ಕುಳಿತವನು. "ಬೆಕ್ಕಿನ ಹಾಗೆ ನೀವು" ಎಂದು ಅವಳು ಎಷ್ಟೋ ಸಲ ನಕ್ಕಿದ್ದಳು. ಈಗಲೂ ನಕ್ಕು, ನಕ್ಷೆ ಮಡಚಿ, ಊರಿನ ವಿಮಾನಕ್ಕೆ ಇನ್ನೂ ಐದು ದಿನ ಉಂಟು, ಧಾರಾಳವಾಯಿತು ಎಂದು ಮಾತು ಮುಗಿಸಿದಳು.

ಈ ತಿರುಗಾಟದ ಮೂಲ ಅಲ್ ಹೈಲ್‌ನ ಅವರ ಕಟ್ಟಡದ ಕೆಳಮನೆಯಲ್ಲಿತ್ತು. ಅಲ್ಲಿದ್ದ ಕ್ಲಾರೆನ್ಸ್ ಮತ್ತು ಸೋಫಿಯಾ, ಮಂಗಳೂರಿನ ಕಡೆಯ ಗಂಡ ಹೆಂಡತಿ, ಹಿಂದಿನ ಚಳಿಗಾಲದಲ್ಲಿ ಥಾಯ್ಲೆಂಡಿಗೆ ಹೋಗಿದ್ದರು. ಸೂಟ್‌ಕೇಸು ಇಲ್ಲ, ಟೂರ್ ಕಂಪನಿ ಇಲ್ಲ. ಒಬ್ಬೊಬ್ಬರ ಬೆನ್ನಿಗೆ ಒಂದೊಂದು ಚೀಲ. ಬ್ಯಾಂಕಾಕಿನಿಂದ ರೈಲಿನಲ್ಲಿ ಉತ್ತರದ ಬೆಟ್ಟಗಳಿಗೆ, ಅಲ್ಲಿಂದ ದಕ್ಷಿಣದ ದ್ವೀಪಗಳಿಗೆ, ಸಿಕ್ಕಿದಲ್ಲಿ ಮಲಗಿ, ಬೀದಿಬದಿಯಲ್ಲಿ ತಿಂದು, ಕಾಗೆಯಂತೆ ಕಪ್ಪಾಗಿ ವಾಪಸ್ಸಾದರು. ಫೋಟೋ ತೋರಿಸುತ್ತ ಸೋಫಿಯಾ, ಕಡೆಯ ವಾರವೇ ಎಲ್ಲಕ್ಕಿಂತ ಚೆಂದ ಇತ್ತು, ಅಷ್ಟು ಹೊತ್ತಿಗೆ ದಾರಿ ತಪ್ಪುವ ಹೆದರಿಕೆ ಹೋಗಿರುತ್ತದೆ, ಎಂದಿದ್ದಳು. ಆ ಮಾತು ಸುಂದರಿಯ ತಲೆಯೊಳಗೆ ಕುಳಿತುಬಿಟ್ಟಿತು.

ತೊಂಬತ್ತಾರರ ಬೇಸಿಗೆಯಲ್ಲಿ ಗುರುವನ ಕೆಲಸ ಮುಗಿಯಿತು. ಅಲ್ ಖೌದ್‌ನ ಯೂನಿವರ್ಸಿಟಿಯ ಕಡೆ ಜನರೇಟರು, ಏಸಿ ನೋಡಿಕೊಳ್ಳುತ್ತಿದ್ದ ಅವನ ಕಂಪನಿಯ ಗುತ್ತಿಗೆ ಬೇರೆಯವರ ಪಾಲಾಗಿ, ಹಳಬರನ್ನೆಲ್ಲ ಊರಿಗೆ ಕಳಿಸಿದರು. ಸಾಮಾನು ಕಾರ್ಗೋಗೆ ಹೋಯಿತು. ಸುಂದರಿ ನರ್ಸರಿ ಮಕ್ಕಳನ್ನು ಕೂರಿಸಿಕೊಂಡು ದಿನವೂ ಓಡಿಸುತ್ತಿದ್ದ ಕಾರನ್ನು ಒಬ್ಬ ಸುಡಾನಿ ಮೇಷ್ಟರು ಕೊಂಡರು. ಟಿಕೆಟ್ಟಿಗೆ ಇನ್ನೂ ಎರಡು ವಾರವಿತ್ತು, ಖಾಲಿ ಮನೆಯಲ್ಲಿ ಮಾತಾಡಿದರೆ ಪ್ರತಿಧ್ವನಿ ಬರುತ್ತಿತ್ತು. ಥಾಯ್ಲೆಂಡಿಗೆ ಹೋಗುವ ಎಂದರೆ ಪಾಸ್‌ಪೋರ್ಟು ವೀಸಾ ರದ್ದು ಮಾಡಿಸಲು ಕಂಪನಿಯ ಆಫೀಸಿನಲ್ಲಿ ಕೂತಿತ್ತು.

"ಥಾಯ್ಲೆಂಡ್ ಇಲ್ಲದಿದ್ದರೆ ಬೇಡ. ಇದೂ ಒಂದು ದೇಶ ಅಲ್ವಾ ಮಾರಾಯ್ರೆ?" ಎಂದಿದ್ದಳು ಸುಂದರಿ. "ಇಷ್ಟು ವರ್ಷ ಇದರ ಅನ್ನ ತಿಂದು ನಾವು ನೋಡಿದ್ದು ಎಂತ? ಮವಾಲೇಹ್‌ನ ತರಕಾರಿ ಮಾರ್ಕೆಟ್."

ಕೆಳಮನೆಗೆ ಹೋಗಿ ಆ ಎರಡು ಚೀಲಗಳನ್ನು ಕೇಳಿ ತಂದವಳೂ ಅವಳೇ.

ಸೂರಿನಿಂದ ಮರುದಿನ ಬೆಳಿಗ್ಗೆ ಹೊರಟರು. ಕಿತ್ತಳೆ ಬಿಳಿ ಟ್ಯಾಕ್ಸಿಯಲ್ಲಿ ಐದು ಜನರ ಜೊತೆ ಇಬ್ರಾ ತನಕ, ಅಲ್ಲಿಂದ ಸಿನಾವ್‌ಗೆ, ಸಿನಾವ್‌ನಿಂದ ಮೇವಿನ ಕಟ್ಟುಗಳ ನಡುವೆ ಒಂದು ಪಿಕಪ್ಪಿನಲ್ಲಿ ದಕ್ಷಿಣಕ್ಕೆ. ನರ್ಸರಿ ಮಕ್ಕಳ ತಾಯಂದಿರಿಂದ ಕಲಿತ ಅರಬ್ಬಿಯಲ್ಲಿ ಸುಂದರಿ ಚಾಲಕನ ಮೂವರು ಮಕ್ಕಳ ಹೆಸರು, ಅವನ ಅತ್ತೆಯ ಮಂಡಿನೋವು ಎಲ್ಲವನ್ನೂ ತಿಳಿದುಕೊಂಡಳು. ಎರಡೂ ಕಡೆ ಮರಳು ಬಿಳಿಚಿಕೊಳ್ಳುತ್ತ ಬಂದು, ಕೊನೆಗೆ ನೆಲವೇ ಉಪ್ಪಿನ ಹಲಗೆಯಂತೆ ಚಪ್ಪಟೆಯಾಯಿತು.

ಮಹೂತ್ ಎಂಬ ಪುಟ್ಟ ಊರಿನಲ್ಲಿ ಅವರು ರಾತ್ರಿ ಉಳಿದದ್ದು ಉಳ್ಳಾಲದ ಕಡೆಯ ಉಮರಬ್ಬನ ಹೋಟೆಲಿನಲ್ಲಿ. ಎಷ್ಟೋ ದಿನಗಳ ಮೇಲೆ ತುಳು ಕಿವಿಗೆ ಬಿದ್ದದ್ದಕ್ಕೆ ಉಮರಬ್ಬ ಅವರಿಗೆ ಪರೋಟ ಲೆಕ್ಕವಿಲ್ಲದೆ ಹಾಕಿದ. ದೋಣಿಯ ಸಂಗತಿ ಹೇಳಿದ್ದೂ ಅವನೇ. ಶನ್ನಾ ಎಂಬಲ್ಲಿಂದ ಅದು ಹೊರಡುವುದು, ನೀರು ಏರಿದಾಗ ಮಾತ್ರ. ಗಡಿಯಾರ ನೋಡಿ ಪ್ರಯೋಜನ ಇಲ್ಲ. ಗಾಳಿ ಇನ್ನೂ ಪೂರ್ತಿ ಎದ್ದಿಲ್ಲ, ಹೋಗಿ ಬೇಗ ಬಂದುಬಿಡಿ ಎಂದ.

ಮರುದಿನ ಕಡಲು ಎಣ್ಣೆ ಹಾಕಿದಂತೆ ಮಲಗಿತ್ತು. ದೋಣಿ ಎಂದರೆ ಒಂದು ತೆರೆದ ಕಬ್ಬಿಣದ ತಟ್ಟೆ. ಅದರ ಮೇಲೆ ಏಳೆಂಟು ಪಿಕಪ್ಪು, ಒಂದು ನೀರಿನ ಟ್ಯಾಂಕರು, ಆಡುಗಳು, ಜನ. ಸುಂದರಿ ಎಲ್ಲರಿಗಿಂತ ಮುಂದೆ ಕಟಕಟೆ ಹಿಡಿದು ನಿಂತಳು. ಗುರುವ ಟ್ಯಾಂಕರಿನ ಚಕ್ರಕ್ಕೆ ಬೆನ್ನು ಕೊಟ್ಟು, ನೀರು ಕಾಣದ ಹಾಗೆ ಕುಳಿತು, ಮಂಡಿಯ ನಡುವೆ ಚೀಲ ಅಪ್ಪಿಕೊಂಡ. ಕಣ್ಣು ಮುಚ್ಚಿತ್ತು. ಅವಳು ಎರಡು ಸಲ ಬಂದು ಕರೆದಳು, ಡಾಲ್ಫಿನ್ ಉಂಟು ನೋಡಿ ಎಂದಳು. ಅವನು ತಲೆಯಾಡಿಸಿದ, ಕಣ್ಣು ತೆರೆಯಲಿಲ್ಲ. ಪಕ್ಕದಲ್ಲಿದ್ದ ಆಡು ಕೂಡ ಇವನಿಗಿಂತ ಧೈರ್ಯದಿಂದ ನಿಂತಿದೆ ಎಂದು ಅವಳು ತಮಾಷೆ ಮಾಡಿದಳು. ಅದಕ್ಕೂ ಅವನು ನಗಲಿಲ್ಲ.

ದ್ವೀಪದ ಪೇಟೆ ಹಿಲ್ಫ್. ಜೆಟ್ಟಿಯ ತುದಿಯಲ್ಲಿ ಬಲೆ, ಹಗ್ಗ, ಎಂಜಿನ್ ಎಣ್ಣೆ ಮಾರುವ ಒಂದು ಅಂಗಡಿ. ಅದರ ಮುಂದೆ ಕುಳಿತಿದ್ದ ಬಿಳಿಗಡ್ಡದ ಮುದುಕ ಬೆನ್ನಚೀಲದ ಈ ಜೋಡಿಯನ್ನು ಮೊದಲು ಸುಮ್ಮನೆ ನೋಡಿದ. ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಆಮೇಲೆ ಎದ್ದು ನಿಂತ.

"ಗುರುವ?" ಎಂದ ಮುದುಕ. "ಗುರುವ ಸಲ್ಜ್?"

ಸಲ್ಜ್ ಎಂದರೆ ಮಂಜುಗಡ್ಡೆ ಎಂಬುದು ಸುಂದರಿಗೆ ಗೊತ್ತಿತ್ತು. ಅದಕ್ಕೂ ತನ್ನ ಗಂಡನ ಹೆಸರಿಗೂ ಏನು ಸಂಬಂಧ ಎಂದು ಅವಳು ತಿರುಗುವಷ್ಟರಲ್ಲಿ ಮುದುಕ ಬಂದು ಗುರುವನ ಮೂಗಿಗೆ ಮೂಗು ತಾಗಿಸಿ, ಭುಜ ಹಿಡಿದು ಅಲ್ಲಾಡಿಸುತ್ತಿದ್ದ. ಪಕ್ಕದ ಅಂಗಡಿಯವನು ಬಂದ. ಮೀನಿನ ಬುಟ್ಟಿ ಇಳಿಸಿ ಇನ್ನಿಬ್ಬರು ಬಂದರು. ಗುರುವನ ಬಾಯಿಂದ ಅರಬ್ಬಿ ಹೊರಟಿತು, ಮಸ್ಕತ್ತಿನ ಅಂಗಡಿಗಳಲ್ಲಿ ಅವಳು ಆಡುತ್ತಿದ್ದಂಥದಲ್ಲ. ದಪ್ಪ, ವೇಗದ, ಕಡಲ ಜನರ ಅರಬ್ಬಿ. ಯಾರೋ ಏನೋ ಹೇಳಿದರು. ಅದಕ್ಕೆ ಗುರುವ ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಅವನ ದವಡೆಯ ಹಲ್ಲುಗಳನ್ನು ಸುಂದರಿ ಎಷ್ಟೋ ವರ್ಷಗಳ ಮೇಲೆ ಅಂದು ನೋಡಿದಳು.

ಮದುವೆಯಾಗಿ ನಾಲ್ಕು ವರ್ಷಕ್ಕೆ, ಎಂಬತ್ತೊಂದರಲ್ಲಿ, ಮೂಲ್ಕಿಯಲ್ಲಿ ಹೆಂಡತಿ, ಪುಟ್ಟ ಮಗಳನ್ನು ಬಿಟ್ಟು ಗುರುವ ಗಲ್ಫಿಗೆ ಬಂದದ್ದು. ಮೊದಲು ಒಂದು ಐಸ್ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದೆ ಎಂದು ಹೇಳಿದ್ದುಂಟು. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮೂಲ್ಕಿಯವರಿಗೆ ಒಮಾನ್ ಪೂರ್ತಿ ಮಸ್ಕತ್ತೇ. ಗಂಡ ಮಸ್ಕತ್ತಿನಲ್ಲಿದ್ದಾನೆ ಎಂದು ಸುಂದರಿಯೂ ಹೇಳುತ್ತಿದ್ದಳು. ಮುಂದೆ ಎಂಬತ್ತೇಳರಲ್ಲಿ ಅವಳು ಬಂದು ಸೇರುವ ಹೊತ್ತಿಗೆ ಅವನು ಅಲ್ ಖೌದ್‌ನ ಕೆಲಸದಲ್ಲಿದ್ದ. ಈ ಜೆಟ್ಟಿಯ ಹಿಂದೆ ಕಾಣುವ, ತಗಡು ಹಾರಿಹೋದ ಹಳೆಯ ಷೆಡ್ಡೇ ಆ ಐಸ್ ಕಂಪನಿ ಎಂದು ಅವನು ಈಗ ಬೆರಳು ಮಾಡಿ ತೋರಿಸಿದ. ಅದೂ ಅವಳು ಕೇಳಿದ ಮೇಲೆ.

ಸ್ವಲ್ಪ ಹೊತ್ತಿಗೆ ಒಂದು ಪಿಕಪ್ಪು ಧೂಳೆಬ್ಬಿಸಿ ಬಂದು ನಿಂತಿತು. ಇಳಿದವನು ಖಲ್ಫಾನ್, ಗುರುವನ ವಯಸ್ಸಿನ ಮೀನುಗಾರ, ಎಡಗೈಯಲ್ಲಿ ಎರಡು ಬೆರಳು ಮಡಚಿಯೇ ಇದ್ದವು. ಗುರುವನ ತಲೆಯನ್ನು ತನ್ನ ಹೆಗಲಿಗೆ ಒತ್ತಿ ಹಿಡಿದು ನಿಂತ, ಬಹಳ ಹೊತ್ತು ನಿಂತ. ಆಮೇಲೆ ಇಬ್ಬರ ಚೀಲಗಳನ್ನೂ ಎತ್ತಿ ಪಿಕಪ್ಪಿಗೆ ಹಾಕಿ, ಲಾಡ್ಜು ಎಲ್ಲಿದೆ ಎಂದು ಕೇಳಲು ಬಾಯಿ ತೆರೆದ ಸುಂದರಿಗೆ "ಯಲ್ಲಾ" ಎಂದು ಹತ್ತುವಂತೆ ಕೈಸನ್ನೆ ಮಾಡಿದ.

ಖಲ್ಫಾನನ ಮನೆಯಲ್ಲಿ ಗಂಡಸರು ಅತಿಥಿಗಳ ಹೊರಕೋಣೆ ಮಜ್ಲಿಸಿನಲ್ಲಿ ಕುಳಿತರು. ಸುಂದರಿಯನ್ನು ಒಳಗೆ ಕರೆದುಕೊಂಡು ಹೋದವಳು ಅವನ ಹೆಂಡತಿ ಝುವೈನಾ. ಅವಳು ಬಾಲ್ಯವನ್ನು ಕರಾಚಿಯಲ್ಲಿ ಅಜ್ಜಿಯ ಮನೆಯಲ್ಲಿ ಕಳೆದವಳಾದ್ದರಿಂದ ಉರ್ದು ಚೆನ್ನಾಗಿ ಬರುತ್ತಿತ್ತು. ಸುಂದರಿಯ ಹಿಂದಿಯೂ ಅದೂ ಕೂಡಿ ಮಾತು ಸರಾಗವಾಯಿತು. ಖರ್ಜೂರ, ಕಾಫಿ ಇಟ್ಟು, ಸುಂದರಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಝುವೈನಾ ಹೇಳಿದಳು: "ಬೆಹನ್, ಆ ಕತೆ ನಿನಗೆ ನಾನು ಹೇಳುವುದೇನು? ನಿನ್ನ ಮನೆಯಲ್ಲಿ ಅದನ್ನು ನೂರು ಸಲ ಕೇಳಿರುತ್ತೀ."

ಸುಂದರಿ ತಡಬಡಾಯಿಸುವ ಪೈಕಿಯಲ್ಲ. ಹೌದು ಎಂದಳು. ಆದರೆ ಗಂಡಸರು ಹೇಳುವುದಕ್ಕೂ ಹೆಂಗಸರು ಹೇಳುವುದಕ್ಕೂ ವ್ಯತ್ಯಾಸ ಉಂಟಲ್ಲ, ನೀನು ನೋಡಿದ ಹಾಗೆ ಹೇಳು ಎಂದು ಕೇಳಿದಳು.

ಝುವೈನಾಳಿಗೆ ಅಷ್ಟೇ ಬೇಕಿತ್ತು. ಆ ವರ್ಷ ಗಾಳಿ ಬೇಗ ಎದ್ದಿತ್ತು. ಖಲ್ಫಾನನ ದೋಣಿಯ ಎಂಜಿನ್ ಸರಿಯಿರಲಿಲ್ಲ, ದಡದಲ್ಲಿ ಓಡುತ್ತದೆ, ನಡುನೀರಿನಲ್ಲಿ ಕೆಮ್ಮುತ್ತದೆ. ರಜೆಯ ದಿನ ಅವನು ಐಸ್ ಕಂಪನಿಯ ಗುರುವನನ್ನು ಕರೆದ, ನೀರಿನಲ್ಲೇ ಕುಳಿತು ಅದರ ರೋಗ ಏನು ನೋಡು ಎಂದು. ಗುರುವ ಮೀನಿಗೆಂದು ಒಂದು ಐಸ್ ಗಡ್ಡೆಯನ್ನೂ ಪೆಟ್ಟಿಗೆಗೆ ಹಾಕಿಕೊಂಡ. ದ್ವೀಪ ಕಣ್ಮರೆಯಾಗುವಷ್ಟು ದೂರದಲ್ಲಿ ಎಂಜಿನ್ ಸತ್ತಿತು. ಲಂಗರಿನ ಹಗ್ಗ ಎಳೆಯುವಾಗ ಖಲ್ಫಾನನ ಕೈ ಸಿಕ್ಕಿ ಬೆರಳು ಮುರಿದವು. ಗಾಳಿ ಅವರನ್ನು ತೆಗೆದುಕೊಂಡು ಹೋಯಿತು. ಕುಡಿಯುವ ನೀರಿನ ಕ್ಯಾನು ಮೊದಲನೇ ದಿನವೇ ಖಾಲಿಯಾಯಿತು. ಎರಡನೇ ದಿನ ಖಲ್ಫಾನನಿಗೆ ಜ್ವರ ಬಂದು ಬಡಬಡಿಸತೊಡಗಿದ. ಆಗ ಗುರುವ ಐಸನ್ನು ಗೋಣಿಯಲ್ಲಿ ಸುತ್ತಿ, ಬಿಸಿಲು ಬೀಳದಂತೆ ಅದರ ಮೇಲೆ ತಾನು ಬಗ್ಗಿ ಕುಳಿತುಕೊಂಡನಂತೆ. ಅವನ ಬೆನ್ನಿನ ಚರ್ಮ ಎದ್ದು ಬಂತು. ಕರಗಿದ ನೀರನ್ನು ಬಟ್ಟೆಯಲ್ಲಿ ಹಿಂಡಿ ಮೊದಲು ಖಲ್ಫಾನನ ಬಾಯಿಗೆ, ಆಮೇಲೆ ತನ್ನ ಬಾಯಿಗೆ. ಮೂರನೇ ದಿನ ಸೂರಿನ ಒಂದು ಹಡಗು ಅವರನ್ನು ಕಂಡಾಗ ಐಸು ನಿಂಬೆಹಣ್ಣಿನಷ್ಟು ಉಳಿದಿತ್ತು.

"ನನ್ನ ಶಂಸಾ ಆಗ ಹೊಟ್ಟೆಯಲ್ಲಿದ್ದಳು" ಎಂದಳು ಝುವೈನಾ. "ಅಪ್ಪನ ಮುಖ ನೋಡದೆ ಹುಟ್ಟುತ್ತಿದ್ದಳು."

ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದರು ಎಂದು ಸುಂದರಿ ಕೇಳಿದಳು, ಮರೆತವಳಂತೆ. ಎರಡು ತಿಂಗಳು ಎಂದಳು ಝುವೈನಾ. ಆಮೇಲೆ ಗುರುವ ಸೈನ್ಯದವರ ವಿಮಾನದಲ್ಲಿ ಬಂದು ತನ್ನ ಬಟ್ಟೆಬರೆ ತೆಗೆದುಕೊಂಡು ಅದೇ ವಿಮಾನದಲ್ಲಿ ಹೋದ. ಇನ್ನು ಯಾವತ್ತೂ ದೋಣಿ ಹತ್ತುವುದಿಲ್ಲ ಎಂದನಂತೆ. ಇಂದು ದೋಣಿಯಲ್ಲಿ ಬಂದ ಎಂದು ಕೇಳಿ ಖಲ್ಫಾನ್ ನಂಬಲಿಲ್ಲ.

ಸುಂದರಿ ಖರ್ಜೂರದ ಬೀಜವನ್ನು ಕೈಯಲ್ಲೇ ಹಿಡಿದು ಕುಳಿತಿದ್ದಳು. ಎಂಬತ್ತನಾಲ್ಕರ ಬೇಸಿಗೆ ಅವಳಿಗೆ ಚೆನ್ನಾಗಿ ನೆನಪಿತ್ತು. ಗಂಡನಿಂದ ಸುದ್ದಿಯೇ ಇರಲಿಲ್ಲ. ಅತ್ತೆ ಹರಕೆ ಹೊತ್ತಿದ್ದರು, ನೆರೆಯವರು ಏನೇನೋ ಆಡಿಕೊಂಡಿದ್ದರು. ಕೊನೆಗೆ ಅವನು ರಜೆಯಲ್ಲಿ ಬಂದಿಳಿದಾಗ ಅಂಗಳದಲ್ಲೇ ನಿಲ್ಲಿಸಿ ಅವಳು ಅವನಿಗೆ ಬೈದದ್ದು ಮೂರು ಮನೆಗೆ ಕೇಳಿತ್ತು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ. ಇವತ್ತಿನವರೆಗೂ, ಅವನು ಫೋನ್ ಮಾಡಲು ಒಂದು ಗಳಿಗೆ ತಡ ಮಾಡಿದರೆ, ನಿಮಗೆ ಮೂರು ತಿಂಗಳು ಸುಮ್ಮನಿರುವ ಅಭ್ಯಾಸ ಉಂಟಲ್ಲ ಎಂದು ಚುಚ್ಚುತ್ತಿದ್ದಳು. ಇಡೀ ದ್ವೀಪಕ್ಕೆ ಗೊತ್ತಿದ್ದ ಸಂಗತಿ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಮೊದಲು ಅವಳಿಗೆ ಸಿಟ್ಟು ಬಂತು. ಅವನ ಬೆನ್ನಿನ ಮೇಲಿನ ಮಚ್ಚೆಗಳಿಗೆ ತಾನೇ ವರ್ಷಗಟ್ಟಲೆ ಎಣ್ಣೆ ತಿಕ್ಕಿದವಳು, ಬೆವರುಸಾಲೆಯ ಗುರುತು ಎಂದರೆ ನಂಬಿದವಳು.

ಆ ಸಂಜೆ ಹೊರಗಿನಿಂದ ಗುರುವನ ನಗು ಮತ್ತೆ ಮತ್ತೆ ಕೇಳುತ್ತಿತ್ತು. ಅದನ್ನು ತುಂಡರಿಸಲು ಅವಳಿಗೆ ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಖಲ್ಫಾನ್ ಅವರಿಬ್ಬರನ್ನು ದ್ವೀಪದ ಮೂಡುದಿಕ್ಕಿನ ದಂಡೆಯಲ್ಲಿ ಇಳಿಸಿ, ತಾನು ಬಲೆ ನೋಡಲು ಹೋದ. ಆಮೆಗಳು ಮೊಟ್ಟೆಯಿಡಲು ಬರುವ ದಂಡೆ ಅದು. ಟ್ರ್ಯಾಕ್ಟರ್ ಓಡಿಸಿದಂಥ ಗುರುತುಗಳು ನೀರಿನಿಂದ ಮೇಲೆ ಹತ್ತಿ, ಒಂದು ಗುಳಿ ಸುತ್ತಿ, ಮತ್ತೆ ನೀರಿಗೆ ಇಳಿದಿದ್ದವು. ಗಾಳಿ ಹಿಂದಿನ ದಿನದಂತಿರಲಿಲ್ಲ. ಮರಳು ಕಣಕಾಲಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಗುರುವ ನೀರಿನಿಂದ ದೂರ, ಒಣ ಮರಳಿನಲ್ಲಿ ನಡೆಯುತ್ತಿದ್ದ. ಸುಂದರಿ ಅವನ ಪಕ್ಕಕ್ಕೆ ಬಂದು ಜೊತೆಗೆ ಹೆಜ್ಜೆ ಹಾಕಿದಳು.

"ಝುವೈನಾ ಹೇಳಿದಳು" ಎಂದಳು.

ಗುರುವ ನಿಂತ. "ಎಲ್ಲ ಹೇಳಿದಳಾ?"

"ಐಸು ನಿಂಬೆಹಣ್ಣಿನಷ್ಟು ಇತ್ತು ಅಂತ ಕೂಡ."

"ಅದಕ್ಕಿಂತ ಸಣ್ಣ ಇತ್ತು" ಎಂದ ಗುರುವ. ಅವನು ಮರಳಿನಲ್ಲಿ ಕುಳಿತ. ಅವಳೂ ಕುಳಿತಳು. ಕಂಪನಿಯವರು ಊರಿಗೆ ತಂತಿ ಕೊಡುತ್ತೇವೆ ಎಂದಾಗ ಬೇಡ ಎಂದವನು ತಾನೇ ಎಂದು ಅವನು ನಿಧಾನವಾಗಿ ಹೇಳಿದ. ತಂತಿ ಎಂದರೆ ಮೂಲ್ಕಿಯಲ್ಲಿ ಸಾವು ಎಂದೇ ಅರ್ಥ. ಓದುವ ಮೊದಲೇ ಅಮ್ಮ ನೆಲಕ್ಕೆ ಬೀಳುತ್ತಿದ್ದರು. ಬರೆಯುವ ಎಂದರೆ ಬಿಸಿಲಿಗೆ ಸುಲಿದ ಕೈಗೆ ಬ್ಯಾಂಡೇಜು ಸುತ್ತಿತ್ತು, ಇನ್ನೊಬ್ಬರಿಂದ ಬರೆಸಲು ಮನಸ್ಸು ಬರಲಿಲ್ಲ.

"ಆಮೇಲೆ ಬಂದಾಗ ಹೇಳಬಹುದಿತ್ತಲ್ಲ?"

"ಹೇಳುವ ಅಂತಲೇ ಬಂದದ್ದು. ನೀನು ಅಂಗಳದಲ್ಲಿ ಬೈದೆ. ಆಮೇಲೆ ಅಳ್ತಾ ಕೂತೆ. ಆಮೇಲೆ ಒಳಗೆ ಹೋಗಿ ಕೋಳಿ ಸಾರು ಮಾಡಿ ಬಡಿಸಿದೆ. ಮಗಳು ತೊಡೆ ಬಿಟ್ಟು ಇಳಿಯಲಿಲ್ಲ. ನಾಳೆ ಹೇಳುವ ಅಂದುಕೊಂಡೆ. ಮರುದಿನ ನಿನ್ನ ಅಪ್ಪ, ಅಣ್ಣ ಎಲ್ಲ ಬಂದ್ರು." ಗುರುವ ಒಂದು ಚಿಪ್ಪನ್ನು ಹೆಕ್ಕಿ ತಿರುಗಿಸಿ ನೋಡಿದ. "ಹೇಳಿದ್ರೆ ನಿನ್ನ ಅಪ್ಪ ಪುನಃ ಕಳಿಸ್ತಿದ್ರಾ? ನೀನು ಕಳಿಸ್ತಿದ್ದೆಯಾ? ಆಗ ನಮಗೆ ಈ ದೇಶ ಬೇಕಿತ್ತು. ಒಂದು ವರ್ಷ ಹೇಳದೆ ಇದ್ದ ಮೇಲೆ, ಮಾರಾಯ್ತಿ, ಅದನ್ನು ಬಾಯಿಂದ ತೆಗೆಯುವುದು ಹೇಗೆ ಅಂತ ಗೊತ್ತಾಗಲಿಲ್ಲ."

ಸುಂದರಿ ಏನು ಹೇಳಬೇಕೆಂದು ರಾತ್ರಿಯೇ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದಳು. ಅದರಲ್ಲಿ ಒಂದೂ ಈಗ ಉಪಯೋಗಕ್ಕೆ ಬರಲಿಲ್ಲ. ಅವಳು ಅವನ ಅಂಗಿಯ ಕಾಲರಿನ ಹಿಂದೆ ಕೈ ಹಾಕಿ, ಬೆನ್ನಿನ ಆ ಒರಟು ಚರ್ಮದ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಮೂಗು ಸೊರಗುಟ್ಟಿತು.

"ನಿಮ್ಮನ್ನು ಬೆಕ್ಕು ಅಂತ ಹೇಳಿದೆನಲ್ಲ" ಎಂದಳು.

"ಬೆಕ್ಕಿಗೂ ಈಜಲಿಕ್ಕೆ ಬರ್ತದೆ" ಎಂದ ಗುರುವ. "ನೀರು ಇಷ್ಟ ಇಲ್ಲ, ಅಷ್ಟೇ."

ಮಧ್ಯಾಹ್ನ ಪೇಟೆಗೆ ವಾಪಸ್ಸಾದಾಗ ಜೆಟ್ಟಿಯಲ್ಲಿ ಸುದ್ದಿ ಕಾದಿತ್ತು. ಗಾಳಿ ಏರುತ್ತಿದೆ, ನಾಳೆ ಬೆಳಗಿನ ದೋಣಿ ಹೋದರೆ ಆಮೇಲೆ ಕೆಲವು ದಿನ ಇಲ್ಲ. ಗುರುವ ಸೂರಿನಲ್ಲಿ ಹೆದರಿಸಿದ್ದೆಲ್ಲ ನಿಜವಾಗುವ ಹಾಗಿತ್ತು. ಆದರೆ ಈಗ ಅವನು ಅದನ್ನು ಎತ್ತಿ ಆಡಲಿಲ್ಲ. ಖಲ್ಫಾನ್ ಒಂದು ದಾರಿ ಹೇಳಿದ. ಅವನ ತಂಗಿಯ ಗಂಡ ವಿಮಾನ ನಿಲ್ದಾಣದಲ್ಲಿದ್ದ. ಮಸ್ಕತ್ತಿಗೆ ಹೋಗುವ ವಿಮಾನದಲ್ಲಿ ಇಬ್ಬರಿಗೆ ಜಾಗ ಮಾಡಿಸುವುದು ಕಷ್ಟವಲ್ಲ.

ಸುಂದರಿ ಕೂಡಲೇ ವಿಮಾನವೇ ಆಗಲಿ ಎಂದಳು. ದೋಣಿಯಲ್ಲಿ ಬಂದಾಯಿತು, ನೋಡಿ ಆಯಿತು, ಎರಡು ಸಲ ನೋಡಲು ಅಲ್ಲಿ ಏನುಂಟು ಎಂದಳು. ದಾರಿಯುದ್ದಕ್ಕೂ ಒಂದೊಂದು ಟ್ಯಾಕ್ಸಿಯನ್ನೂ ತಾನೇ ಆರಿಸಿದವಳು ಅವಳು. ಇದನ್ನೂ ಆರಿಸಿಬಿಟ್ಟೆ ಎಂದುಕೊಂಡಳು.

ಗುರುವ ಸ್ವಲ್ಪ ಯೋಚಿಸಿದ. "ಬೇಡ, ದೋಣಿಯಲ್ಲೇ ಹೋಗುವ" ಎಂದ. "ಅವತ್ತು ವಿಮಾನದಲ್ಲಿ ಓಡಿಹೋದೆ. ಇವತ್ತು ಎಲ್ಲರ ಹಾಗೆ ಹೋಗ್ತೇನೆ."

ಅವಳು ಅವನ ಮುಖ ನೋಡಿದಳು. ತನ್ನನ್ನು ಮೆಚ್ಚಿಸಲು ಹೇಳುತ್ತಿದ್ದಾನೆಯೇ ಎಂದು ಹುಡುಕಿದಳು. ಹಾಗೆ ಕಾಣಲಿಲ್ಲ. ಸರಿ ಎಂದಳು.

ಬೆಳಿಗ್ಗೆ ಜೆಟ್ಟಿಗೆ ಅರ್ಧ ಪೇಟೆಯೇ ಬಂದಿತ್ತು. ಝುವೈನಾ ಸುಂದರಿಯ ಚೀಲದಲ್ಲಿ ಜಾಗವಿಲ್ಲದಿದ್ದರೂ ಹಲ್ವಾದ ಡಬ್ಬಿ ತುರುಕಿದಳು. ಕಿತ್ತುಹೋದ ಚಪ್ಪಲಿಯನ್ನು ಕಿತ್ತುಕೊಂಡು ತನ್ನ ಮಗಳ ಚಪ್ಪಲಿ ಕೊಟ್ಟಳು. ಗಂಡಸರು ಗುರುವನನ್ನು ಒಬ್ಬರಾದ ಮೇಲೆ ಒಬ್ಬರು ತಬ್ಬಿಕೊಂಡರು. ಖಲ್ಫಾನ್ ಕಡೆಯವನಾಗಿ ಬಂದು, ದೋಣಿ ನಡೆಸುವ ಮಾಲ್ಮಿಯ ಹತ್ತಿರ ಹೋಗಿ, ಈ ಮನುಷ್ಯನನ್ನು ಹುಷಾರಾಗಿ ದಾಟಿಸು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಗಲೂ ಗುರುವನ ಮುಖ ಬಿಳಿಚಿಕೊಂಡಿತ್ತು. ಅವನು ಒಮ್ಮೆ ಟ್ಯಾಂಕರಿನ ಚಕ್ರದ ಕಡೆ ನೋಡಿದ. ಆಮೇಲೆ ಸುಂದರಿಯ ಚೀಲವನ್ನೂ ತಾನೇ ಹೊತ್ತು, ಮುಂದಿನ ಕಟಕಟೆಯ ಹತ್ತಿರ ಹೋಗಿ ಎರಡೂ ಕೈಯಿಂದ ಕಬ್ಬಿಣ ಹಿಡಿದು ನಿಂತ.

ದ್ವೀಪದ ಮರೆ ದಾಟಿದ್ದೇ ತಡ, ಕಡಲು ಬೇರೆಯೇ ಆಯಿತು. ದೋಣಿಯ ಮೂತಿ ಮೇಲೆದ್ದು ಕೆಳಗೆ ಬಡಿಯುತ್ತಿತ್ತು. ಒಂದೊಂದು ಏಟಿಗೂ ಪಿಕಪ್ಪುಗಳು ಸರಪಳಿಯಲ್ಲಿ ಜಗ್ಗಿ ಕಿರುಗುಟ್ಟುತ್ತಿದ್ದವು. ಉಪ್ಪುನೀರು ಹಾರಿ ಬಂದು ಮುಖಕ್ಕೆ ಹೊಡೆಯಿತು. ಸುಂದರಿ ಗಂಡನಿಗೆ ಧೈರ್ಯ ಹೇಳಬೇಕೆಂದು ಬಾಯಿ ತೆರೆದಳು. ಅದೇ ಕ್ಷಣ ಅವಳ ಹೊಟ್ಟೆ ಗಂಟಲಿಗೆ ಬಂತು. ನಿಜ್ವಾದಿಂದ ಸಿನಾವ್‌ವರೆಗೆ ಯಾವುದಕ್ಕೂ ಜಗ್ಗದ ಹೆಂಗಸು ಕಟಕಟೆಯ ಮೇಲೆ ಬಗ್ಗಿ, ಝುವೈನಾ ಉಣಿಸಿದ್ದನ್ನೆಲ್ಲ ಅರಬ್ಬಿ ಸಮುದ್ರಕ್ಕೆ ಕೊಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟಳು. ಕಾಲು ನಡುಗಿ ಕುಸಿಯುವ ಹೊತ್ತಿಗೆ ಸೊಂಟವನ್ನು ಒಂದು ಗಟ್ಟಿ ತೋಳು ಹಿಡಿದಿತ್ತು.

"ನೀರು ನೋಡಬೇಡ" ಎಂದ ಗುರುವ ಅವಳ ಕಿವಿಯ ಹತ್ತಿರ. "ದೂರ ನೋಡು. ಆಕಾಶ ಮುಟ್ಟುವ ಗೆರೆ ಉಂಟಲ್ಲ, ಅದು ಅಲ್ಲಾಡುವುದಿಲ್ಲ. ಅದನ್ನೇ ನೋಡು."

ಅವಳು ನೋಡಿದಳು. ಅವನು ಒಂದು ಕೈಯಿಂದ ಕಬ್ಬಿಣ, ಇನ್ನೊಂದರಿಂದ ಅವಳನ್ನು ಹಿಡಿದು, ಅಲೆ ಬರುವ ಮೊದಲೇ "ಈಗ" ಎಂದು ಎಚ್ಚರಿಸುತ್ತ, ಮಂಡಿ ಸಡಿಲಿಸು ಎನ್ನುತ್ತ ನಿಂತಿದ್ದ. ಅವನ ತೋಳೂ ನಡುಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಆದರೆ ಹಿಡಿತ ಸಡಿಲವಾಗಲಿಲ್ಲ. ಹಾಗೆಯೇ ಅವರು ದಾಟಿದರು. ಮುಖ್ಯನೆಲದ ಚಪ್ಪಟೆ ಉಪ್ಪುಭೂಮಿ ಕಾಣಿಸಿಕೊಂಡಾಗ ಗುರುವ ಜೋರಾಗಿ ಉಸಿರು ಬಿಟ್ಟ. ಆಮೇಲೆ ಮಾಲ್ಮಿಗೆ ಅರಬ್ಬಿಯಲ್ಲಿ ಏನೋ ಕೂಗಿ ಹೇಳಿದ, ಮಾಲ್ಮಿ ಬಿದ್ದುಬಿದ್ದು ನಕ್ಕ. ಏನೆಂದಿರಿ ಎಂದು ಸುಂದರಿ ಕೇಳಿದಳು. ಹೆಂಡತಿಯನ್ನು ಹುಷಾರಾಗಿ ದಾಟಿಸಬೇಕಿತ್ತು, ನೀನು ಬರೀ ನನ್ನನ್ನು ನೋಡಿಕೊಂಡೆ ಎಂದೆ, ಎಂದ.

ಶನ್ನಾದಿಂದ ಮುಂದಿನ ಗಾಡಿಗಳನ್ನು ಆ ದಿನ ಗುರುವನೇ ಗೊತ್ತು ಮಾಡಿದ. ಮಹೂತ್‌ನಲ್ಲಿ ಉಮರಬ್ಬನ ಲಿಂಬೆ ಚಹಾ ಕುಡಿದ ಮೇಲೆ ಸುಂದರಿಗೆ ಜೀವ ಬಂತು. ಮರುಭೂಮಿಯ ದಾರಿಯಲ್ಲಿ, ಪಿಕಪ್ಪಿನ ಮುಂದಿನ ಸೀಟಿನಲ್ಲಿ ಇಬ್ಬರೂ ಒತ್ತಿಕೊಂಡು ಕುಳಿತಿದ್ದಾಗ, ಅವನು ತಾನಾಗಿಯೇ ಶುರು ಮಾಡಿದ. ಎರಡನೇ ರಾತ್ರಿ ಖಲ್ಫಾನ್ ಬಡಬಡಿಸುತ್ತ ತನ್ನ ತಾಯಿಯನ್ನು ಕರೆಯುತ್ತಿದ್ದದ್ದು. ತಾನು ಅವನಿಗೆ ಎಚ್ಚರ ತಪ್ಪಬಾರದೆಂದು, ಅವನಿಗೆ ಒಂದು ಶಬ್ದವೂ ಅರ್ಥವಾಗದ ತುಳುವಿನಲ್ಲಿ, ಮೂಲ್ಕಿಯ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಹೇಳುತ್ತಲೇ ಹೋದದ್ದು. ಸುಂದರಿಯ ಬಾಯಿ ಎಷ್ಟು ಜೋರು ಎಂಬುದನ್ನೂ ಹೇಳಿದ್ದು. ಸಿನಾವ್ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ.

ವಿಮಾನದ ಹಿಂದಿನ ದಿನ ಸಂಜೆ ಅವರು ಅಲ್ ಹೈಲ್ ಮುಟ್ಟಿದರು. ಬೊಂಬಾಯಿ ದಾರಿಯಾಗಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಪ್ರಫುಲ್ಲ ಕಾಲೇಜಿಗೆ ರಜೆ ಹಾಕಿ ಬಂದಿದ್ದಳು. ಇಬ್ಬರೂ ಇದ್ದಿಲಾಗಿದ್ದೀರಿ ಎಂದು ನಕ್ಕು, ಟ್ಯಾಕ್ಸಿಯಲ್ಲಿ ಕುಳಿತ ಕೂಡಲೇ ಕೇಳಿದಳು:

"ಸೋ, ವಾಟ್ ವಾಸ್ ದಿ ಬೆಸ್ಟ್ ಪ್ಲೇಸ್?"

ಉತ್ತರಕ್ಕೆ ಅವಳು ನೋಡಿದ್ದು ತಾಯಿಯ ಕಡೆ, ಯಾವಾಗಲೂ ನೋಡುವಂತೆ.

"ಪಪ್ಪನನ್ನು ಕೇಳು" ಎಂದಳು ಸುಂದರಿ, ಮತ್ತು ಕಿಟಕಿಗೆ ತಲೆಯಾನಿಸಿದಳು.

ಗುರುವ ಮುಂದಿನ ಸೀಟಿನಿಂದ ಅರ್ಧ ತಿರುಗಿದ. ಗಂಟಲು ಸರಿಮಾಡಿಕೊಂಡ. ಮಸೀರಾ ಅಂತ ಒಂದು ದ್ವೀಪ ಉಂಟು, ಎಂದ. ಅಲ್ಲಿ ಒಂದು ಐಸ್ ಕಂಪನಿ ಇತ್ತು, ನೀನು ಆಗ ತುಂಬಾ ಚಿಕ್ಕವಳು. ಟ್ಯಾಕ್ಸಿ ಬಜ್ಪೆಯ ಗುಡ್ಡ ಇಳಿದು ಕಟೀಲಿನ ದಾರಿ ಹಿಡಿಯಿತು. ಕಿನ್ನಿಗೋಳಿ ಪೇಟೆಯಲ್ಲಿ ಬಸ್ಸುಗಳು ಅಡ್ಡ ನಿಂತು ಸ್ವಲ್ಪ ಹೊತ್ತು ತಡೆಯಾಯಿತು. ಅಷ್ಟು ಹೊತ್ತಿಗೆ ಗುರುವ ಇನ್ನೂ ಎಂಜಿನ್ ಕೆಮ್ಮಿದಲ್ಲಿಗೆ ಬಂದಿದ್ದ, ಮತ್ತು ಚಾಲಕ ರೇಡಿಯೋ ಆರಿಸಿ ಕೇಳಿಸಿಕೊಳ್ಳುತ್ತಿದ್ದ.